ಊರು ಸುತ್ತಿದ ಪೈಪು

ಕೇರಿಯ ಕೊನೆಯ ನಲ್ಲಿಗೆ ಸಿಕ್ಕಿಸಿದ, ನೀರಿನ ಒತ್ತಡ ಅಳೆಯುವ ಗೇಜಿನ ಮುಳ್ಳು ಸೊನ್ನೆಯ ಪಕ್ಕದಲ್ಲೇ ನಡುಗುತ್ತಿತ್ತು. ಇದೇ ಕೇರಿಯಲ್ಲಿ ಬೆಳೆದು ಎಂಜಿನಿಯರ್ ಆಗಿದ್ದ ಕವನ ಲೆಕ್ಕ ಹಾಕಿದಳು. ಟ್ಯಾಂಕಿನ ಎತ್ತರದಿಂದ ಸಿಗುವ ಒತ್ತಡದಲ್ಲಿ ಪೈಪಿನ ಉದ್ದಕ್ಕೂ ಆಗುವ ಘರ್ಷಣೆಯ ನಷ್ಟ ಕಳೆದಳು, ಪೈಪು ತಿರುಗುವ ಒಂದೊಂದು ಬೆಂಡಿನ ನಷ್ಟವನ್ನೂ ಕಳೆದಳು. ಒತ್ತಡ ಏನೂ ಉಳಿಯಲಿಲ್ಲ.

“ಇಷ್ಟೊಂದು ಬೆಂಡು ಯಾಕೆ? ದೊಡ್ಡಬೀದೀಲಿ ನೆಟ್ಟಗೆ ತರಬೋದಿತ್ತಲ್ಲ?”

ವಾಟರ್‌ಮ್ಯಾನ್ ಗುರುಮಲ್ಲ ನಲ್ಲಿಯನ್ನೇ ನೋಡುತ್ತ ಹೇಳಿದ: “ಕೇರಿ ಪೈಪು ನಮ್ ಬೀದೀಲಿ ಬ್ಯಾಡ ಅಂದ್ಬುಟ್ರು ದೊಡ್ಡಬೀದಿಯೋರು, ಮೇಡಂ. ಅದ್ಕೇ ಊರ್ ಸುತ್ತಾಕೊಂಡು ತಂದೋ.”

“ಯಾರೋ ಬ್ಯಾಡ ಅಂದ್ರೆ ಸುಮ್ನೆ ಸುತ್ತಾಕೊಂಡು ಬಂದ್ಬುಡೋದಾ?” ಕವನ ರೇಗಿದಳು.

ರೇಗಿದವಳು ಅಲ್ಲೇ ಮಾತು ತಡೆದಳು. ಬೆಳಿಗ್ಗೆ ನಂಜನಗೂಡಿನ ಬಸ್ಸಿಳಿದ ಅವಳೂ, ಯಾರೂ ಬೇಡ ಅನ್ನದಿದ್ದರೂ, ದೊಡ್ಡಬೀದಿ ಬಿಟ್ಟು ಊರು ಸುತ್ತಿಕೊಂಡೇ ಕೇರಿಗೆ ಬಂದಿದ್ದಳು.