ಕ್ಯಾಲೆಂಡರಿನ ಬೆಟ್ಟ

ರೊಟ್ಟಿ ತಟ್ಟುತ್ತಿದ್ದ ವಿಶಾಲಾಕ್ಷಿಯ ಸೆರಗನ್ನು ಮಗಳು ಶರಣ್ಯ ಎಳೆದಳು. "ಅವ್ವ, ಇನ್ನೊಂಚೂರು ಅನ್ನ ಕೊಡು. ಅಂಟು ಸಾಲ್ತಿಲ್ಲ."

"ಫೋಟೋಗೆ ಉಣ್ಸಿದ್ದು ಸಾಕು, ಇಸ್ಕೂಲಿಗೆ ಹೊತ್ತಾತು" ಎಂದು ಗದರುತ್ತಲೇ ವಿಶಾಲಾಕ್ಷಿ ಅನ್ನದ ಅಗುಳು ಹಿಡಿದು ಬಂದಳು. ಶಿರಾಳಕೊಪ್ಪದ ಬಟ್ಟೆ ಅಂಗಡಿಯವರು ಕೊಟ್ಟಿದ್ದ ಹಳೆಯ ಕ್ಯಾಲೆಂಡರಿನ ಹಿಮದ ಬೆಟ್ಟ ನೆಲದ ಮೇಲೆ ಹರಡಿತ್ತು. ಮನೆಯ ಹಳೇ ಫೋಟೋಗಳಿಂದ ಕತ್ತರಿಸಿದವರೆಲ್ಲ ಅಲ್ಲಿ ಸೇರಿದ್ದರು. ತೀರಿಕೊಂಡ ಹಾಲಮ್ಮಜ್ಜಿ ಮತ್ತು ದೊಡ್ಡಪ್ಪ ಬೆಟ್ಟದ ತುದಿಯಲ್ಲಿ. ಅವ್ವ, ಮಗಳು, ಸೋದರಮಾವ ಕೆಳಗೆ ಸರೋವರದ ದಂಡೆಯಲ್ಲಿ.

"ಅಜ್ಜಿಗೆ ಅಲ್ಲಿ ಚಳಿ ಆಗಲ್ಲೇನೇ?" ವಿಶಾಲಾಕ್ಷಿ ನಕ್ಕಳು.

"ಸತ್ತೋರಿಗೆ ಎಂಥ ಚಳಿ ಬಿಡು! ಸತ್ತೋರು ಮೇಲೆ, ಇರೋರು ಕೆಳಗೆ."

ಆಮೇಲೆ ಶರಣ್ಯ ಮದುವೆ ಫೋಟೋದಿಂದ ಕತ್ತರಿಸಿದ್ದ ಅಪ್ಪನನ್ನು ಎತ್ತಿಕೊಂಡು, ಹಿಂಬದಿಗೆ ಅನ್ನ ಸವರಿದಳು. ಪುಟ್ಟ ಕೈ ಬೆಟ್ಟದತ್ತ ಹೋಯಿತು, ಅರ್ಧಕ್ಕೇ ಕೆಳಗಿಳಿಯಿತು, ನಡುವೆ ನಿಂತುಬಿಟ್ಟಿತು. ವರ್ಷದ ಹಿಂದೆ ಲಾರಿ ಓಡಿಸಲು ಹೋದವನು ತಿರುಗಿ ಬಂದಿರಲಿಲ್ಲ, ಸುದ್ದಿಯೂ ಇರಲಿಲ್ಲ. ಮನೆಯಲ್ಲಿ ಯಾರೂ ಅವನ ಮಾತೆತ್ತುತ್ತಿರಲಿಲ್ಲ. ವಿಶಾಲಾಕ್ಷಿ ಹಿಟ್ಟಿನ ಕೈಯಲ್ಲೇ ಮಗಳ ಪಕ್ಕ ಕೂತಳು.

"ಅವ್ವ, ಅಪ್ಪನ್ನ ಮೇಲೆ ಅಂಟಿಸ್ಲೋ, ಕೆಳಗೋ?"