ಮಣ್ಣು ಮೆತ್ತಿದ ತುಟಿ

ಆಗತಾನೇ ಹುಟ್ಟಿದ ಕುರಿಮರಿ ಉಸಿರಾಡಲಿಲ್ಲ. ಮಣ್ಣು ಮೆತ್ತಿದ್ದ ಅದರ ಮೂತಿಯನ್ನು ಕುರಿ ಸಾಕುವ ಮುದ್ದಕ್ಕ ಸೆರಗಿನಿಂದ ಒರೆಸಿ, ಬಾಯಿ ಮುಚ್ಚಿ ಹಿಡಿದು, ಮೂಗಿಗೆ ತುಟಿಯಿಟ್ಟು ಊದಿದಳು. ಕಂಬಳಿ ಕೊಳ್ಳಲು ಬಂದಿದ್ದ ಶಾಂತಕುಮಾರಿ ಬೆರಗಾಗಿ ನಿಂತಳು. ಮೂರನೆಯ ಸಲ ಊದಿದಾಗ ಮರಿ ಸೀನಿ, ಮ್ಯಾ ಎಂದಿತು.

“ದೇವರು ಮೊದಲನೇ ಮನುಷ್ಯನ್ನ ಮಣ್ಣಿನಾಗೆ ಮಾಡಿ, ಮೂಗಿಗೆ ಹಿಂಗೇ ಊದಿದ ಅಂತ ನಮ್ಮ ಬೈಬಲ್‌ನಾಗೈತೆ, ಮುದ್ದಕ್ಕ,” ಎಂದಳು ಶಾಂತಕುಮಾರಿ. ಚಳ್ಳಕೆರೆಯ ಚರ್ಚಿನಲ್ಲಿ ಮಕ್ಕಳಿಗೆ ಇಪ್ಪತ್ತು ವರ್ಷದಿಂದ ಅವಳು ಹೇಳುತ್ತಿದ್ದ ಪಾಠ ಅದು. ಪಾಠದಲ್ಲಿ ದೇವರನ್ನು ಯಾವಾಗಲೂ ಮೋಡದ ಮೇಲೇ ನಿಲ್ಲಿಸುತ್ತಿದ್ದಳು.

ಮುದ್ದಕ್ಕ ತುಟಿಗೆ ಮೆತ್ತಿದ್ದ ಮಣ್ಣು ಒರೆಸಿಕೊಂಡು ನಕ್ಕಳು. “ಹಂಗಾದ್ರೆ ಅವನ ಬಾಯಿಗೂ ಮಣ್ಣು ಮೆತ್ತಿತ್ತು ಅನ್ನು.”

ದೇವರು ಅಷ್ಟು ಹತ್ತಿರ ಬಂದಿದ್ದನೇ? ಶಾಂತಕುಮಾರಿಯ ಕೈ ಮೂಗಿನತ್ತ ಹೋಯಿತು. ತನ್ನದೇ ಬೆಚ್ಚನೆಯ ಉಸಿರು ಬೆರಳಿಗೆ ತಾಕಿದಾಗ, “ಸ್ತೋತ್ರ ಸ್ವಾಮಿ,” ಎಂಬ ಮಾತು ತಾನಾಗಿ ಹೊರಟಿತು.