ಕುಣಿಯೊಳಗಿನ ತಾಯಿ

“ಮೊದಲ ಇದರ ತಾಯಿನ್ನ ತೋರಸ್ರಿ,” ಎಂದಳು ವಿದ್ಯಾಶ್ರೀ, ಪೊಮೆರೇನಿಯನ್ ನಾಯಿಮರಿಯನ್ನು ಎದೆಗೆ ಅವಚಿಕೊಂಡು. ಬೆಟಗೇರಿಯಲ್ಲಿ ನಾಯಿಮರಿ ಮಾರುವ ಗೋಪಣ್ಣ ನಕ್ಕ. “ನಾಯಿ ತಗೊಳ್ಳಾಕ ಬಂದಿಯೋ, ಕನ್ಯಾ ನೋಡಾಕ ಬಂದಿಯೋ? ತಾಯಿ ಊರಾಗ ಇಲ್ಲ. ಮರಿಗೆ ಎರಡ ತಿಂಗಳಾತು, ಹಾಲು ಬಿಟ್ಟೈತಿ. ಸುಮ್ನ ತಗೊಂಡು ಕಾಲೇಜಿಗೆ ಹೋಗವಾ.”

ಮರಿ ಕುಂಯ್‌ಗುಟ್ಟಿತು. ಹಿಂದಿನ ಕೋಣೆಯಿಂದ ಅದಕ್ಕೆ ಉತ್ತರವೆಂಬಂತೆ ಇನ್ನೊಂದು ದನಿ ಬಂತು. ಗೋಪಣ್ಣ ಅಡ್ಡ ಬರುವ ಮೊದಲೇ ಅವಳು ಬಾಗಿಲು ತಳ್ಳಿದಳು. ಕೈಮಗ್ಗ ಮಾರಿ ಬರಿದಾಗಿದ್ದ ಕೋಣೆ. ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿ ಮಾತ್ರ ಉಳಿದಿತ್ತು. ಅದರ ಮೇಲೆ ಕಬ್ಬಿಣದ ಜಾಲರಿ ಮುಚ್ಚಿತ್ತು. ಕೆಳಗೆ ತನ್ನದೇ ಹೊಲಸಿನಲ್ಲಿ, ಕೂದಲುದುರಿದ ಬಿಳಿ ನಾಯಿ ಮೊಲೆ ಜೋತುಬಿದ್ದು ಮಲಗಿತ್ತು.

ನೇಕಾರನಾಗಿದ್ದ ವಿದ್ಯಾಶ್ರೀಯ ಅಪ್ಪ ಇಂಥದೇ ಕುಣಿಗೆ ದಿನಾ ಬೆಳಿಗ್ಗೆ ಕೈಮುಗಿದು ಇಳಿಯುತ್ತಿದ್ದ. ಅವಳ ಮೈಯೆಲ್ಲ ಉರಿದುಹೋಯಿತು. ಜಾಲರಿ ಎಳೆದು ಬಿಸಾಕಿದಳು. ಅಂಚಿಗೆ ಕೂತು, ಅಪ್ಪನಂತೆಯೇ ಕಾಲು ಇಳಿಬಿಟ್ಟು, ಮರಿಯನ್ನು ತಾಯಿಯ ಮಗ್ಗುಲಿಗೆ ಇಳಿಸಿದಳು. ಹಾಲು ಬಿಟ್ಟಿದೆಯೆಂದು ಗೋಪಣ್ಣ ಹೇಳಿದ್ದ ಮರಿ ಕಣ್ಣುಮುಚ್ಚಿ ಮೊಲೆಗೆ ಬಾಯಿ ಹಚ್ಚಿತು.

“ಏಳವಾ, ಅಲ್ಲಿ ಭಾಳ ಹೊಲಸೈತಿ,” ಎಂದ ಗೋಪಣ್ಣ.

“ಈಕಿ ಮ್ಯಾಲ ಬರೋತನಕ ನಾನೂ ಏಳಂಗಿಲ್ರಿ.”